ನಮ್ಮ ಜಿಲ್ಲೆಯ ಕವಿಗಳೂ ಕಾವ್ಯವನ್ನು ಕಾಯ್ದವರೂ

ಶಿವಮೊಗ್ಗದ ಸೀಮೆಯಲ್ಲಿ ಇಷ್ಟೊಂದು ಕವಿಗಳು ಹುಟ್ಟಿದುದಕ್ಕೆ ಕಾರಣವೇನೆಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ. ಸಹ್ಯಾದ್ರಿಯ ಕಾಡು, ತುಂಗಭದ್ರೆಯರ ನೀರು, ಆಷಾಢದ ಮಳೆ, ಜೋಗದ ಧಾರೆ, ಇವುಗಳ ನಡುವೆ ಬೆಳೆದವನಿಗೆ ಕವಿತೆ ತಾನಾಗಿಯೇ ಒಲಿಯುತ್ತದೆಂಬುದು ಆ ಉತ್ತರದ ಸಾರ. ಸಭೆಗಳ ಸ್ವಾಗತಭಾಷಣಗಳಲ್ಲಿ ಈ ಮಾತನ್ನು ನಾವೆಲ್ಲರೂ ಎಷ್ಟೋ ಸಲ ಕೇಳಿದ್ದೇವೆ. ಮಾತು ಇಂಪಾಗಿದೆ, ಹುಟ್ಟಿದ ನೆಲದ ಮೇಲಣ ಅಭಿಮಾನಕ್ಕೂ ಒಪ್ಪುತ್ತದೆ. ಆದರೆ ವಿಚಾರಮಾಡಿ ನೋಡಿದರೆ ಅದು ಪೂರ್ಣವಾಗಿ ನಿಲ್ಲುವಂತೆ ತೋರುವುದಿಲ್ಲ. ಮಳೆ ವರ್ಷವರ್ಷವೂ ಬಂದಿದೆ. ಕಾಡು ಹಿಂದೆ ಇನ್ನೂ ದಟ್ಟವಾಗಿಯೇ ಇದ್ದಿತು. ಹಾಗಿದ್ದರೂ ಈ ಸೀಮೆಯ ಕೆಲವು ಶತಮಾನಗಳು ಕಾವ್ಯಸಮೃದ್ಧವಾಗಿಯೂ ಮತ್ತೆ ಕೆಲವು ಬಹುಮಟ್ಟಿಗೆ ಬರಿದಾಗಿಯೂ ಕಾಣುತ್ತವೆ. ಕಾರಣವೆಂದು ಹೇಳಿದ ವಸ್ತು ಸದಾ ಇದ್ದು, ಕಾರ್ಯವು ಒಮ್ಮೊಮ್ಮೆ ಮಾತ್ರ ಆಗುವುದಾದರೆ, ಅದಕ್ಕೆ ಸಹಕಾರಿಯಾದ ಮತ್ತೊಂದು ಕಾರಣ ಇರಲೇಬೇಕೆಂದು ತರ್ಕದ ಬಾಲಪಾಠವನ್ನು ಓದಿದವರೂ ಹೇಳಿಯಾರು. ಆ ಮತ್ತೊಂದು ಯಾವುದೆಂದು ಜಿಲ್ಲೆಯ ಚರಿತ್ರೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಕಾವ್ಯಕ್ಕೆ ಹೇತುವೇನೆಂಬ ಪ್ರಶ್ನೆ ಹೊಸದಲ್ಲ. ದಂಡಿ, ಮಮ್ಮಟ ಮೊದಲಾದ ಆಲಂಕಾರಿಕರು ಅದನ್ನು ಚರ್ಚಿಸಿರುವರು. ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಪಡೆದ ನಿಪುಣತೆ, ಬಲ್ಲವರ ಬಳಿ ಕಲಿತು ಮಾಡಿದ ಅಭ್ಯಾಸ, ಈ ಮೂರೂ ಕೂಡಿ ಕಾವ್ಯಕ್ಕೆ ಹೇತುವಾಗುತ್ತವೆಂಬುದು ಮಮ್ಮಟನ ನಿರ್ಣಯ. ಕಾಡುಬೆಟ್ಟಗಳು ಇಲ್ಲಿ ‘ಲೋಕ’ವೆಂಬ ಮಾತಿನಲ್ಲಿ ಅಡಗಿವೆ. ಅವು ಕವಿಗೆ ವಸ್ತುವನ್ನು ಕೊಡಬಲ್ಲವು. ಶಾಸ್ತ್ರಕಾವ್ಯಗಳ ಪರಿಚಯವನ್ನಾಗಲಿ ಬಲ್ಲವರ ಸಹವಾಸವನ್ನಾಗಲಿ ಕೊಡಲಾರವು. ಅವನ್ನು ಕೊಡಬೇಕಾದವರು ಮನುಷ್ಯರು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನೇ ಎರಡಾಗಿ ವಿಂಗಡಿಸಿದ್ದಾನೆ. ಕವಿಯಲ್ಲಿರುವುದು ಕಾರಯಿತ್ರೀ ಪ್ರತಿಭೆ. ಕಾವ್ಯವನ್ನು ಕೇಳಿ ಅದರ ಹುರುಳನ್ನು ಅರಿಯುವ ಭಾವಕನಲ್ಲಿರುವುದು ಭಾವಯಿತ್ರೀ ಪ್ರತಿಭೆ. ಎರಡನೆಯದಿಲ್ಲದಿದ್ದರೆ ಮೊದಲನೆಯದು ಫಲಿಸುವುದಿಲ್ಲವೆಂದು ಅವನ ಅಭಿಪ್ರಾಯ. ಈ ವಿಂಗಡಣೆಯನ್ನು ಕೈದೀಪವಾಗಿ ಹಿಡಿದುಕೊಂಡು ನಮ್ಮ ಜಿಲ್ಲೆಯ ಹಳೆಯ ದಾರಿಯಲ್ಲಿ ಸ್ವಲ್ಪ ದೂರ ನಡೆದುಬರೋಣ.

ಮೊದಲು ಕಾಣುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಲ್ಲುಕಂಬ. ಪ್ರಣವೇಶ್ವರ ದೇವಾಲಯದ ಎದುರಿಗೆ ನಿಂತಿರುವ ಈ ಸ್ತಂಭದ ಮೇಲೆ ಕದಂಬ ಶಾಂತಿವರ್ಮನ ಕಾಲದಲ್ಲಿ, ಎಂದರೆ ೫ನೆಯ ಶತಮಾನದ ನಡುವೆ, ಕುಬ್ಜನೆಂಬ ಕವಿಯು ೩೪ ಸಂಸ್ಕೃತ ಪದ್ಯಗಳ ಒಂದು ಕಾವ್ಯವನ್ನು ಬರೆದನು. ಈ ಊರಿನ ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಗೆ ಹೋದುದು, ಅಲ್ಲಿ ಪಲ್ಲವರ ಕುದುರೆಸವಾರನೊಬ್ಬನಿಂದಾದ ಕಲಹ, ದರ್ಭೆಯನ್ನು ಹಿಡಿದ ಕೈ ಕತ್ತಿಯನ್ನು ಹಿಡಿದುದು, ರಾಜ್ಯಸ್ಥಾಪನೆ, ಅವನ ವಂಶದ ಕಾಕುಸ್ಥವರ್ಮನು ಕಟ್ಟಿಸಿದ ಕೆರೆ, ಇವು ಅದರ ವಸ್ತು. ಕೊನೆಯಲ್ಲಿ ಕವಿಯು ತನ್ನ ಈ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡಿದ್ದಾನೆ. ಅರಸನ ಹೆಸರಿನ ಜೊತೆಗೆ ತನ್ನ ಹೆಸರೂ ಉಳಿಯಲೆಂಬ ಆಸೆ ಅವನಿಗಿದ್ದಿರಬೇಕು; ಆ ಆಸೆ ಸಫಲವಾಯಿತು. ಪದ್ಯಗಳಲ್ಲಿ ಹೆಚ್ಚಿನವು ಅಪರೂಪವಾದ ಮಾತ್ರಾಛಂದಸ್ಸಿನಲ್ಲಿವೆ. ಛಂದಸ್ಸಿನಲ್ಲಿ ಇಂಥ ಸ್ವಾತಂತ್ರ್ಯವನ್ನು ವಹಿಸಬೇಕಾದರೆ ಅದನ್ನು ಗುರುತಿಸಬಲ್ಲವರು ಸುತ್ತಲೂ ಇದ್ದಿರಬೇಕಷ್ಟೆ. ತಾಳಗುಂದವು ವಿದ್ವಾಂಸರ ಅಗ್ರಹಾರವಾಗಿದ್ದಿತೆಂಬುದು ಪ್ರಸಿದ್ಧವಾಗಿದೆ. ಕುಬ್ಜನು ಯಾರಿಗಾಗಿ ಬರೆದನೆಂಬ ಪ್ರಶ್ನೆಗೆ ಆ ಅಗ್ರಹಾರವೇ ಉತ್ತರ. ಇದೇ ದೇವಾಲಯದಲ್ಲಿ ೨೦೧೩ರಲ್ಲಿ ಬೆಳಕಿಗೆ ಬಂದ, ಸಿಂಹದ ಆಕೃತಿಯ ಸೋಪಾನಕಟಾಂಜನದ ಮೇಲಣ ಶಾಸನದಲ್ಲಿ ಕನ್ನಡ ಮಾತುಗಳೂ ಇದ್ದು, ಅದು ಹಲ್ಮಿಡಿಯ ಶಾಸನಕ್ಕಿಂತಲೂ ಹಳೆಯದೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಅಗ್ರಹಾರದ ವಿದ್ಯೆಯಲ್ಲಿ ಕನ್ನಡಕ್ಕೆ ಸ್ಥಳವಿರಲಿಲ್ಲವೆಂದು ಕೆಲವರು ಎಣಿಸುವುದುಂಟು. ತಾಳಗುಂದದ್ದೇ ಆದ ೧೨ನೆಯ ಶತಮಾನದ ಶಾಸನವೊಂದು ಇದಕ್ಕೆ ಸಮಾಧಾನ ಹೇಳುತ್ತದೆ. ಋಗ್ವೇದ, ಯಜುರ್ವೇದ, ಸಾಮವೇದ, ವ್ಯಾಕರಣ, ವೇದಾಂತ ಮುಂತಾದುವನ್ನು ಕಲಿಸುವವರಿಗೆ ಗೊತ್ತುಮಾಡಿದ ವೃತ್ತಿಗಳ ಸಾಲಿನಲ್ಲಿಯೇ ಕನ್ನಡವನ್ನು ಕಲಿಸುವವರಿಗೂ ಅಲ್ಲಿ ವೃತ್ತಿಯುಂಟು. ಸಮೀಪದ ಬಳ್ಳಿಗಾವೆಯಲ್ಲಿ ಕೋಡಿಯಮಠವಿದ್ದಿತು. ೧೧೬೨ರ ಶಾಸನವು ಆ ಮಠವನ್ನು ವರ್ಣಿಸುವ ರೀತಿ ಮನಸ್ಸಿನಲ್ಲಿ ನಿಲ್ಲುವಂಥದು. ಸಾಂಗವಾದ ವೇದಗಳು, ನಾನಾ ವ್ಯಾಕರಣಗಳು, ಷಡ್ದರ್ಶನಗಳು, ಪುರಾಣ, ಕಾವ್ಯ, ನಾಟಕ ಇವೆಲ್ಲಕ್ಕೂ ಅದು ವ್ಯಾಖ್ಯಾನಸ್ಥಾನ. ದೀನಾನಾಥರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದ ಸ್ಥಾನ. ಕಾವ್ಯನಾಟಕಗಳ ಪಾಠ ಒಂದು ಕಡೆ, ಹಸಿದವರ ಊಟ ಒಂದು ಕಡೆ, ಎರಡೂ ಒಂದೇ ಸೂರಿನ ಕೆಳಗೆ ನಡೆದುವು. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಆ ಪಟ್ಟಣದಲ್ಲಿ ಶೈವರ ಮಠಗಳಿದ್ದಂತೆ ಜೈನರ ಬಸದಿಗಳೂ ಇದ್ದುವು.

ಆ ಬಸದಿಗಳ ನೆರಳಿನಲ್ಲಿ ಬೆಳೆದ ಕವಿ ಶಾಂತಿನಾಥ. ಕಲ್ಯಾಣದ ಚಾಲುಕ್ಯ ಇಮ್ಮಡಿ ಸೋಮೇಶ್ವರನ ಕೈಕೆಳಗೆ ಬನವಾಸಿಯನ್ನು ಆಳುತ್ತಿದ್ದ ಲಕ್ಷ್ಮನೃಪನಲ್ಲಿ ಇವನು ಅಧಿಕಾರಿಯಾಗಿದ್ದನು. ೧೦೬೮ರ ಬಳ್ಳಿಗಾವೆಯ ಶಾಸನವು ಇವನನ್ನು ಸಹಜಕವಿಯೆಂದೂ ಸರಸ್ವತೀಮುಖಮುಕುರನೆಂದೂ ಹೊಗಳುತ್ತದೆ. ಮರದಿಂದ ಕಟ್ಟಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಿಂದ ಕಟ್ಟಿಸಬೇಕೆಂದು ಒಡೆಯನಿಗೆ ಬಿನ್ನೈಸಿ, ಆ ಕೆಲಸವನ್ನು ನೆರವೇರಿಸಿದವನೂ ಇವನೇ. ಇವನು ರಚಿಸಿದ ‘ಸುಕುಮಾರಚರಿತೆ’ ೧೨ ಆಶ್ವಾಸಗಳ ಚಂಪೂಕಾವ್ಯ. ವಡ್ಡಾರಾಧನೆಯ ಮೊದಲ ಕಥೆಯಾದ ಸುಕುಮಾರಸ್ವಾಮಿಯ ಕಥೆಯೇ ಇದರ ವಸ್ತು. ಹಾಸಿಗೆಯ ಸಾಸಿವೆಕಾಳೂ ಒತ್ತುವಷ್ಟು ಕೋಮಲವಾದ ಮೈಯನ್ನು ಪಡೆದವನು ಎಲ್ಲವನ್ನೂ ತೊರೆದು, ನರಿಯು ತನ್ನ ದೇಹವನ್ನು ತಿನ್ನುತ್ತಿದ್ದಾಗಲೂ ಧ್ಯಾನದಿಂದ ಕದಲದೆ ಕುಳಿತ ಕಥೆ ಅದು. ಮರದ ಬಸದಿ ಬಹುಕಾಲ ಬಾಳದೆಂದು ಕಲ್ಲಿನಲ್ಲಿ ಕಟ್ಟಿಸಿದ ಕವಿಗೆ ತನ್ನ ಓಲೆಯ ಕಾವ್ಯವನ್ನು ಯಾರು ಕಾಪಾಡುವರೆಂಬ ಚಿಂತೆ ಇದ್ದಿತೋ ಏನೋ. ಇಂದು ಆ ಕಲ್ಲಿನ ಬಸದಿ ಇಲ್ಲ. ಓಲೆಯ ಕಾವ್ಯ ಉಳಿದಿದೆ. ಅದು ಹೇಗೆ ಉಳಿಯಿತೆಂಬುದನ್ನು ಮುಂದೆ ನೋಡೋಣ.

ಇದೇ ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರೆಂದೂ, ಅದರ ನೆರೆಯ ಉಡುತಡಿಯು ಮಹಾದೇವಿಯಕ್ಕನ ಊರೆಂದೂ ಪರಂಪರೆ ಹೇಳುತ್ತದೆ. ೧೨ನೆಯ ಶತಮಾನದ ಈ ಇಬ್ಬರು ಮಹಾನುಭಾವರೂ ಹುಟ್ಟಿದೂರಿನಲ್ಲಿ ನಿಲ್ಲಲಿಲ್ಲ. ಇಬ್ಬರೂ ಕಲ್ಯಾಣಕ್ಕೆ ನಡೆದರು. ಅಲ್ಲಿಂದ ಶ್ರೀಶೈಲದ ಕಡೆಗೆ ಹೋದರು. ಊರಿನ ಬೆಟ್ಟ ಅವರನ್ನು ಹಿಡಿದಿಡಲಿಲ್ಲ. ಅವರನ್ನು ಕರೆದದ್ದು ಶರಣರ ಗೋಷ್ಠಿ, ಎಂದರೆ ಆಡಿದ ಮಾತನ್ನು ಅರಿಯಬಲ್ಲ ಭಾವಕರ ಕೂಟ. ಅವರ ವಚನಗಳು ನಮಗೆ ದೊರೆತದ್ದೂ ಅಂಥವರಿಂದಲೇ. ಹರಿಹರನು ಹಂಪೆಯಲ್ಲಿ ಕುಳಿತು ಇಬ್ಬರ ಮೇಲೂ ರಗಳೆಗಳನ್ನು ರಚಿಸಿದನು. ೧೫ನೆಯ ಶತಮಾನದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ಬರೆದನು, ಅದೇ ಶತಮಾನದಲ್ಲಿ ‘ಶೂನ್ಯಸಂಪಾದನೆ’ಯು ಅಲ್ಲಮನನ್ನು ನಡುವೆ ಕೂರಿಸಿ ಚದುರಿದ್ದ ವಚನಗಳನ್ನು ಸಂವಾದವಾಗಿ ಹೆಣೆಯಿತು. ಆಮೇಲೆ ಮಠಗಳ, ಮನೆಗಳ ಓಲೆಕಟ್ಟುಗಳಲ್ಲಿ ಮಲಗಿದ್ದ ವಚನಗಳನ್ನು ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಹುಡುಕಿ ತಂದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವೆಂದು ಅಚ್ಚುಮಾಡಿಸಿದರು. ನಮ್ಮ ಸೀಮೆಯ ಮಗಳ ಮಾತನ್ನು ನಮ್ಮ ಕೈಗೆ ತಿರುಗಿ ಕೊಟ್ಟವರು ಪರಊರಿನವರು. ಈ ಋಣವನ್ನು ನೆನೆಯದೆ ಬರಿದೆ ‘ಅಕ್ಕ ನಮ್ಮವಳು’ ಎಂದು ಹೆಮ್ಮೆಪಡುವುದು ಉಚಿತವಾಗಲಾರದು.

ಬಳ್ಳಿಗಾವೆಯ ವೈಭವವು ಕುಂದಿದ ಮೇಲೆ ಈ ಸೀಮೆಯ ಕಾವ್ಯಪ್ರವಾಹವೂ ಬಹುಕಾಲ ತೆಳುವಾಯಿತು. ಮಳೆಯೇನೂ ಕಡಮೆಯಾಗಲಿಲ್ಲ, ಮಠಗಳೂ ಆಶ್ರಯಗಳೂ ಕಡಮೆಯಾದುವು. ಮತ್ತೆ ಆಶ್ರಯ ದೊರೆತಾಗ ಪ್ರವಾಹ ತುಂಬಿತು. ಕೆಳದಿಯ ಅರಸು ಬಸಪ್ಪನಾಯಕನು ೧೭೦೯ರಲ್ಲಿ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಮಹಾಕೋಶವನ್ನು ರಚಿಸಿದನು. ೯ ಕಲ್ಲೋಲಗಳು, ೧೦೮ ತರಂಗಗಳು. ರಾಜನೀತಿಯಿಂದ ಪಾಕಶಾಸ್ತ್ರದವರೆಗೆ ಅದರಲ್ಲಿ ಇಲ್ಲದ ವಿಷಯ ವಿರಳ. ಅದೇ ಶತಮಾನದಲ್ಲಿ ಲಿಂಗಣ್ಣಕವಿಯು ‘ಕೆಳದಿನೃಪವಿಜಯ’ವನ್ನು ಕನ್ನಡದಲ್ಲಿ ಬರೆದನು. ೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದ ಮೇಲೆ ಆ ಆಶ್ರಯವೂ ಹೋಯಿತು.

ಅರಮನೆಯ ದೀಪವಾರಿದರೂ ಮನೆಗಳ ದೀಪ ಉಳಿದಿದ್ದಿತು. ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆಗಾಲದ ಇರುಳು ಜೈಮಿನಿಭಾರತವನ್ನೋ ತೊರವೆ ರಾಮಾಯಣವನ್ನೋ ಗದುಗಿನ ಭಾರತವನ್ನೋ ಒಬ್ಬರು ಓದುವುದು, ಉಳಿದವರು ಅಡಕೆ ಸುಲಿಯುತ್ತಲೋ ಚಾಪೆ ಹೆಣೆಯುತ್ತಲೋ ಕೇಳುವುದು ವಾಡಿಕೆಯಾಗಿದ್ದಿತು. ಓದು ಬಾರದವರಿಗೂ ಷಟ್ಪದಿಯ ನಡೆ ಕಿವಿಯಲ್ಲಿ ಕುಳಿತಿರುತ್ತಿದ್ದಿತು. ತೀರ್ಥಹಳ್ಳಿಯ ಬಳಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ಇಂಥ ಜಗುಲಿಯಿಂದ ಬಂದವರು. ೧೯೦೪ರಲ್ಲಿ ಜನಿಸಿದ ಅವರು ತೀರ್ಥಹಳ್ಳಿಯಲ್ಲಿ ಓದಿ ಮೈಸೂರಿಗೆ ಹೋದರು. ಮೊದಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆದರು. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿ ಬರೆಯಬೇಕೆಂದು ಹೇಳಿದ ಮೇಲೆ ಕನ್ನಡದ ಕಡೆಗೆ ತಿರುಗಿದರು. ಹೇಳಿದವನು ದೂರದೇಶದವನು. ಆದರೂ ಆ ಮಾತು ಕೂಡಲೆ ಬೇರೂರಿತೆಂದರೆ, ನೆಲವನ್ನು ಕುಪ್ಪಳಿಯ ಜಗುಲಿಯ ಓದು ಮೊದಲೇ ಹದಮಾಡಿದ್ದಿತೆಂದೇ ತಿಳಿಯಬೇಕು. ೧೯೪೯ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ಗೆ ೧೯೬೭ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದುದನ್ನು ಎಲ್ಲರೂ ಬಲ್ಲರು.

ಇನ್ನು ಶಿವಮೊಗ್ಗ ನಗರಕ್ಕೆ ಬರೋಣ. ಅರಸರ ಆಶ್ರಯವೂ ಅಗ್ರಹಾರದ ವೃತ್ತಿಗಳೂ ಇಲ್ಲದ ಹೊಸಕಾಲದಲ್ಲಿ ಆ ಹೊಣೆಯನ್ನು ಯಾರು ಹೊರಬೇಕು? ಊರಿನ ವಕೀಲರು, ಉಪಾಧ್ಯಾಯರು, ವರ್ತಕರು, ಗೃಹಸ್ಥರು ತಾವೇ ಹೊತ್ತರು. ೧೯೩೦ರಲ್ಲಿ ಕರ್ನಾಟಕ ಸಂಘವು ಸ್ಥಾಪಿತವಾಯಿತು. ೧೯೪೩ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ದ. ರಾ. ಬೇಂದ್ರೆಯವರ ಅಧ್ಯಕ್ಷತೆಯಲ್ಲಿ ಈ ನಗರದಲ್ಲಿ ನೆರೆಯಿತು. ಮಹಾಯುದ್ಧದ ಆ ಕಷ್ಟಕಾಲದಲ್ಲಿ ನಾಡಿನ ಮೂಲೆಮೂಲೆಗಳಿಂದ ಬಂದ ಸಾಹಿತಿಗಳನ್ನು ಊರು ಎದುರುಗೊಂಡಿತು. ಸಂಘವು ಮಾಡಿದ ಕೆಲಸಗಳಲ್ಲಿ ಈ ಲೇಖಕನಿಗೆ ಎಲ್ಲಕ್ಕಿಂತ ಹೆಚ್ಚಿನದೆಂದು ತೋರುವುದು ಬಹಳ ಮಂದಿಗೆ ತಿಳಿಯದ ಒಂದು ಕೆಲಸ. ಬಳ್ಳಿಗಾವೆಯ ಶಾಂತಿನಾಥನ ‘ಸುಕುಮಾರಚರಿತೆ’ಯು ಡಿ. ಎಲ್. ನರಸಿಂಹಾಚಾರ್ಯರೇ ಮೊದಲಾದ ವಿದ್ವಾಂಸರ ಸಂಪಾದಕತ್ವದಲ್ಲಿ ೧೯೫೪ರಲ್ಲಿ ಪುಸ್ತಕವಾಗಿ ಹೊರಬಂದಿತು. ಪ್ರಕಾಶಕರು ಶಿವಮೊಗ್ಗದ ಕರ್ನಾಟಕ ಸಂಘದವರು. ಈ ಜಿಲ್ಲೆಯಲ್ಲಿ ಹುಟ್ಟಿದ ಕಾವ್ಯವೊಂದು ಸುಮಾರು ೯೦೦ ವರ್ಷಗಳ ಮೇಲೆ ಈ ಜಿಲ್ಲೆಯವರ ಕೈಯಿಂದಲೇ ಅಚ್ಚಿನ ಮುಖವನ್ನು ಕಂಡಿತು. ಹಳಗನ್ನಡದ ಜೈನಚಂಪುವನ್ನು ಅಚ್ಚುಹಾಕಿಸಿ ಲಾಭಪಡೆಯುವ ಆಸೆ ಯಾರಿಗೂ ಇದ್ದಿರಲಾರದು. ಭಾವಯಿತ್ರೀ ಪ್ರತಿಭೆಯೆಂಬುದು ಒಂದು ಊರಿಗೆ ಊರೇ ಪಡೆಯಬಹುದಾದ ಗುಣವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಶಿವಮೊಗ್ಗದಿಂದ ಸುಮಾರು ೨೦ ಕಿಲೋಮೀಟರು ದೂರದ ಭದ್ರಾವತಿಯನ್ನು ಕಾವ್ಯದ ಮಾತು ಬಂದಾಗ ಯಾರೂ ನೆನೆಯುವುದಿಲ್ಲ. ಹಿಂದೆ ಬೆಂಕಿಪುರವೆನ್ನಿಸಿಕೊಂಡಿದ್ದ ಆ ಊರು ಹೊಗೆಯ ಊರು, ಕುಲುಮೆಯ ಊರು ಎಂಬ ಭಾವನೆ ನಮ್ಮಲ್ಲಿ ರೂಢವಾಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಾದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಅಲ್ಲಿ ಕೆಲಸವನ್ನಾರಂಭಿಸಿತು. ಮಲೆನಾಡಿನ ಮರ ಇದ್ದಲಾಗಿ ಅದರ ಕುಲುಮೆಗೆ ಹೋಯಿತು. ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕಾಡು ಕವಿತೆಗೆ ಏನು ಮಾಡಿತೆಂದು ಕೇಳುವವರು ಈ ಕಾರ್ಖಾನೆಯನ್ನು ನೋಡಬೇಕು. ಕಾಡಿನ ಬಿದಿರು ಇಲ್ಲಿ ಕಾಗದವಾಯಿತು. ಬರೆಯುವ ಕಾಗದ, ಪುಸ್ತಕದ ಕಾಗದ, ಮುಂದೆ ವೃತ್ತಪತ್ರಿಕೆಯ ಕಾಗದ. ಕನ್ನಡದ ಹುಡುಗನೊಬ್ಬನು ಪದ್ಯವನ್ನು ನಕಲುಮಾಡಿಕೊಂಡ ಹಾಳೆ ಭದ್ರಾವತಿಯದಾಗಿರುವ ಸಂಭವ ಎಷ್ಟೋ ಕಾಲ ಹೆಚ್ಚಾಗಿಯೇ ಇದ್ದಿತು. ೧೯೬೫ರಲ್ಲಿ ಆಕಾಶವಾಣಿಯ ಭದ್ರಾವತಿ ಕೇಂದ್ರವು ತೆರೆಯಿತು. ಮಠದ ಸೂರಿನ ಕೆಳಗೂ ಮನೆಯ ಜಗುಲಿಯ ಮೇಲೂ ನಡೆಯುತ್ತಿದ್ದ ಕಾವ್ಯವಾಚನ ಆಗ ಅಡುಗೆಮನೆಗೂ ಅಂಗಡಿಗೂ ಗದ್ದೆಯ ಬದುವಿಗೂ ಹೋಯಿತು. ೧೯೮೭ರಲ್ಲಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕವಿಯ ಹೆಸರನ್ನೇ ಹೊತ್ತ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಕೂಡಿ ಮುಂದಕ್ಕೆ ಹರಿಯುವಂತೆ, ತುಂಗೆಯ ದಡದ ಊರಿನ ಸಂಘವೂ ಭದ್ರೆಯ ದಡದ ಊರಿನ ಕಾಗದ ಮತ್ತು ಧ್ವನಿಗಳೂ ಕೂಡಿ ಕಾವ್ಯವನ್ನು ಮುಂದಕ್ಕೆ ಸಾಗಿಸಿದುವೆಂದರೆ ಉತ್ಪ್ರೇಕ್ಷೆಯಲ್ಲ.

ಈ ಅನುಕೂಲಗಳ ನಡುವೆ ಬೆಳೆದ ಕವಿಗಳನ್ನು ಸ್ಥಾಲೀಪುಲಾಕನ್ಯಾಯದಿಂದ ಕೆಲವರನ್ನು ಮಾತ್ರ ಹೆಸರಿಸುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಮಾಳೂರಿನಲ್ಲಿ ೧೯೧೪ರಲ್ಲಿ ಜನಿಸಿದ ಎಸ್. ವಿ. ಪರಮೇಶ್ವರ ಭಟ್ಟರು ಕಾಳಿದಾಸನ ಕೃತಿಗಳೆಲ್ಲವನ್ನೂ ಭಾಸನ ನಾಟಕಗಳನ್ನೂ ಕನ್ನಡಿಸಿದರು.ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಕಾಳಿದಾಸನು ಮೂಲದಲ್ಲಿಯೇ ದೊರೆತಿದ್ದನು. ಆದರೆ ನಮ್ಮ ಮನೆಗಳ ಹೆಂಗಸರಿಗೂ ಮಕ್ಕಳಿಗೂ ಅವನನ್ನು ಅವರದೇ ನುಡಿಯಲ್ಲಿ ಮಾತನಾಡಿಸಿ ಕೊಟ್ಟವರು ಅವರು. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ೧೯೨೬ರಲ್ಲಿ ಜನಿಸಿದ ಜಿ. ಎಸ್. ಶಿವರುದ್ರಪ್ಪನವರು ಹಳ್ಳಿಯ ಉಪಾಧ್ಯಾಯರ ಮಗ. ಕುವೆಂಪು ಅವರ ಶಿಷ್ಯರಾಗಿ ಬೆಳೆದು, ಕವಿತೆಯ ಜೊತೆಗೆ ಕಾವ್ಯಮೀಮಾಂಸೆಯನ್ನೂ ಕನ್ನಡದಲ್ಲಿ ತಿಳಿಯಾಗಿ ಹೇಳಿದರು, ೨೦೦೬ರಲ್ಲಿ ರಾಷ್ಟ್ರಕವಿಗಳಾದರು. ಮಂಜೇಶ್ವರದ ಗೋವಿಂದ ಪೈಗಳ ತರುವಾಯ ಆ ಬಿರುದನ್ನು ಪಡೆದ ಇಬ್ಬರೂ ಈ ಜಿಲ್ಲೆಯಲ್ಲಿ ಬೆಳೆದವರು. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಪಿ. ಲಂಕೇಶರು ನವ್ಯದ ದಾರಿಯವರು. ಫ್ರೆಂಚ್ ಕವಿ ಬೋದಿಲೇರನನ್ನು ಕನ್ನಡಕ್ಕೆ ತಂದರು. ೧೯೭೦ರಲ್ಲಿ ‘ಅಕ್ಷರ ಹೊಸ ಕಾವ್ಯ’ವೆಂಬ ಸಂಕಲನದಲ್ಲಿ ತಮ್ಮ ಕಾಲದ ಹೊಸ ಕವಿಗಳನ್ನು ಒಂದೆಡೆ ಸೇರಿಸಿದರು. ಅದನ್ನು ಅಚ್ಚುಮಾಡಿದ್ದು ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ. ಹೊಸ ಕವಿತೆಗೂ ಅದನ್ನು ಕಾಯುವವರು ಬೇಕಾಗಿದ್ದರು, ದೊರೆತರು.

ಶಿವಮೊಗ್ಗ ನಗರದಲ್ಲಿಯೇ ೧೯೩೬ರಲ್ಲಿ ಜನಿಸಿದ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಷೇಕ್ಸ್‌ಪಿಯರನ ಸಾನೆಟ್ಟುಗಳನ್ನೂ ಏಟ್ಸ್, ಎಲಿಯಟ್ ಕವಿಗಳನ್ನೂ ಅನುವಾದಿಸಿದ ವಿದ್ವಾಂಸರು. ಜನರು ಅವರನ್ನು ಬಲ್ಲದ್ದು ಭಾವಗೀತೆಗಳಿಂದ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದರು ಇಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರವನ್ನು ಬೋಧಿಸಿದವರು. ಅವರ ‘ನಿತ್ಯೋತ್ಸವ’ವು ೧೯೭೮ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯಾಗಿ ಬಂದು ಮನೆಮನೆಯನ್ನು ಹೊಕ್ಕಿತು. ೨೦೦೬ರಲ್ಲಿ ಶಿವಮೊಗ್ಗದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಗಾಯಕ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರದ ಗೀತೆಗಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಕುವೆಂಪು, ಬೇಂದ್ರೆಯವರ ಕವಿತೆಗಳನ್ನು ಹಾಡಿ, ಪುಸ್ತಕ ತೆರೆಯದವರ ನಾಲಿಗೆಗೂ ತಂದರು. ಇಂದು ಶಿವಮೊಗ್ಗದಲ್ಲಿ ನೆಲೆಸಿ ಬರೆಯುತ್ತಿರುವ ಸವಿತಾ ನಾಗಭೂಷಣರಂಥ ಕವಿಗಳವರೆಗೆ ಈ ಸಾಲು ಕಡಿಯದೆ ಬಂದಿದೆ.

ಕಾವ್ಯವನ್ನು ಕಂಠದಲ್ಲಿ ಕಾಯ್ದವರ ಮಾತು ಬಂದಾಗ ನಗರದ ಮಗ್ಗುಲಲ್ಲಿ ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು ಹೊಸಹಳ್ಳಿಗಳನ್ನು ಬಿಡುವಂತಿಲ್ಲ. ಮತ್ತೂರಿನಲ್ಲಿ ಸಂಸ್ಕೃತವು ಬೀದಿಯ ಮಾತಾಗಿರುವುದು ಲೋಕವಿದಿತ. ಹೊಸಹಳ್ಳಿಯು ಗಮಕದ ಊರು. ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳು ೧೯೩೪ರಲ್ಲಿ ಜನಿಸಿ, ಜೀವಮಾನವನ್ನೆಲ್ಲ ಕಾವ್ಯವಾಚನಕ್ಕೆ ಮುಡಿಪುಮಾಡಿದವರು. ಕುಮಾರವ್ಯಾಸನ ಷಟ್ಪದಿಯನ್ನು ಪದವೊಡೆದು, ಅರ್ಥಕ್ಕೆ ತಕ್ಕ ರಾಗವನ್ನು ಹಿಡಿದು, ಅವರು ಓದುತ್ತಿದ್ದರೆ ಕೇಳುವವರಿಗೆ ಟೀಕೆಯ ಅಗತ್ಯವೇ ಬೀಳುತ್ತಿರಲಿಲ್ಲ. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಬಂದಿತು. ಆ ವರ್ಷದ ಕೊನೆಯಲ್ಲಿ ಅವರು ಕಾಲವಾದರು. ಮತ್ತೂರಿನ ಕೃಷ್ಣಮೂರ್ತಿಗಳು ಲಂಡನ್ನಿನ ಭಾರತೀಯ ವಿದ್ಯಾಭವನವನ್ನು ಬಹುಕಾಲ ನಡೆಸಿದವರು. ಗದುಗಿನ ಭಾರತದ ವ್ಯಾಖ್ಯಾನದಿಂದ ನಾಡಿಗೆಲ್ಲ ಪರಿಚಿತರಾದರು. ಕುಮಾರವ್ಯಾಸನು ನಮ್ಮ ಜಿಲ್ಲೆಯವನಲ್ಲ. ಹಳಕಟ್ಟಿಯವರು ಉಡುತಡಿಯ ಅಕ್ಕನಿಗೆ ಮಾಡಿದ ಸೇವೆಯನ್ನು ಹೊಸಹಳ್ಳಿಯು ಗದುಗಿನ ಕವಿಗೆ ಮಾಡಿತು. ಕಾವ್ಯದ ಋಣ ತೀರುವುದು ಹೀಗೆಯೇ.

ಇಲ್ಲಿ ಯಾರಾದರೂ ಒಂದು ಆಕ್ಷೇಪವನ್ನು ಎತ್ತಬಹುದು. ಕುವೆಂಪು ಅವರ ಕವಿತೆಯಿಂದ ಕಾಡನ್ನೂ ಮಳೆಯನ್ನೂ ತೆಗೆದರೆ ಉಳಿಯುವುದೇನು ಎಂದು ಅವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಕಾಡಿಲ್ಲದಿದ್ದರೆ ಆ ಕವಿತೆ ಆ ರೂಪದಲ್ಲಿ ಹುಟ್ಟುತ್ತಿರಲಿಲ್ಲ. ಆದರೆ ಅದೇ ಕಾಡನ್ನು ಅವರಿಗಿಂತ ಮೊದಲು ಸಾವಿರಾರು ಕಣ್ಣುಗಳು ಕಂಡಿದ್ದುವು. ಜೇಡಿಮಣ್ಣು ಎಲ್ಲ ಕೆರೆಗಳಲ್ಲಿಯೂ ಉಂಟು. ಮಡಕೆಯಾಗುವುದು ಕುಂಬಾರನ ಮನೆಯಿರುವ ಊರಿನಲ್ಲಿ. ನಮ್ಮ ಕವಿಗಳಲ್ಲಿ ಹೆಚ್ಚಿನವರು ಊರನ್ನು ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋದುದನ್ನೂ ಮರೆಯುವಂತಿಲ್ಲ. ಅಲ್ಲಮನ ಕಾಲದಿಂದ ಇದು ಹೀಗೆಯೇ ನಡೆದಿದೆ. ಕವಿ ಎಲ್ಲಿಗಾದರೂ ಹೋಗಲಿ. ಅವನನ್ನು ಓದುವವರು ಊರಿನಲ್ಲಿ ಉಳಿಯುವರೇ ಎಂಬುದು ನಿಜವಾದ ಪ್ರಶ್ನೆ.

ಈ ಪ್ರಶ್ನೆಗೆ ಇಂದಿನ ಸ್ಥಿತಿ ಕೊಡುವ ಉತ್ತರ ಅಷ್ಟು ಧೈರ್ಯವನ್ನು ಕೊಡುವುದಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆಯು ೨೦೧೫ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. ಜಗುಲಿಯ ಓದು ನಿಂತು ಎಷ್ಟೋ ಕಾಲವಾಯಿತು. ಅಕ್ಷರಸ್ಥರ ಸಂಖ್ಯೆ ಹಿಂದೆಂದಿಗಿಂತಲೂ ಹೆಚ್ಚಿದೆ. ಪಂಪನ ಒಂದು ಪದ್ಯವನ್ನು ತಪ್ಪಿಲ್ಲದೆ ಓದಬಲ್ಲವರ ಸಂಖ್ಯೆ ಹಾಗೆ ಹೆಚ್ಚಿದಂತೆ ಕಾಣುವುದಿಲ್ಲ. ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ಗಮನಿಸಿದೆನು. ಹಳಗನ್ನಡದ ಪದ್ಯವನ್ನು ಹುಡುಗರೇ ಪುಸ್ತಕದಲ್ಲಿ ನೋಡಿಕೊಂಡರೆ, ಅದು ಕಲ್ಲಿನ ಗೋಡೆಯಂತೆ ಅವರೆದುರಿಗೆ ನಿಲ್ಲುತ್ತಿದ್ದಿತು. ಸಂಧಿಯನ್ನು ಬಿಡಿಸಿ, ಯತಿಯರಿತು, ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರೆ ಗೋಡೆಯಲ್ಲಿ ಬಾಗಿಲು ಕಾಣಿಸುತ್ತಿದ್ದಿತು. ಮೂರನೆಯ ಸಲಕ್ಕೆ ಹಿಂದಿನ ಬೆಂಚಿನ ಹುಡುಗನೂ ತುಟಿಯಾಡಿಸುತ್ತಿದ್ದನು. ಅರ್ಥವನ್ನು ನಾನಿನ್ನೂ ಹೇಳಿರುತ್ತಿರಲಿಲ್ಲ. ಕಿವಿಗೆ ತಿಳಿದದ್ದು ಬುದ್ಧಿಗೆ ಆಮೇಲೆ ತಿಳಿಯುತ್ತಿದ್ದಿತು.

ಈ ಪತ್ರಿಕೆಯನ್ನು ತರಿಸಿ ಓದುವ ಮನೆಗಳಲ್ಲಿ ಕಾವ್ಯದ ಮೇಲೆ ಪ್ರೀತಿಯಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದಕಾರಣ ವಾಚಕಮಹಾಶಯರಲ್ಲಿಯೂ ಗೃಹಿಣಿಯರಲ್ಲಿಯೂ ಒಂದು ಬಿನ್ನಹ. ಕವಿಗಳ ಜಯಂತಿಗಳಲ್ಲಿ ಹಾರ ಹಾಕುವುದು ಒಳ್ಳೆಯದೇ. ಅದರ ಜೊತೆಗೆ ವಾರಕ್ಕೊಂದು ಸಂಜೆ, ಅರ್ಧಗಂಟೆಯ ಮಟ್ಟಿಗೆ, ಮನೆಯವರೆಲ್ಲ ಕುಳಿತಿರುವಾಗ ಒಬ್ಬರು ಗಟ್ಟಿಯಾಗಿ ಓದಲಿ. ಗದುಗಿನ ಭಾರತವಾದರೂ ಆಗಬಹುದು, ಅಕ್ಕನ ವಚನಗಳಾದರೂ ಆಗಬಹುದು, ಶಿವರುದ್ರಪ್ಪನವರ ಕವಿತೆಯಾದರೂ ಆಗಬಹುದು. ತಿಳಿಯದ ಮಾತು ಬಂದರೆ ಬೀದಿಯಲ್ಲಿ ಬಲ್ಲವರೊಬ್ಬರನ್ನು ಕರೆಯಬಹುದು. ನಿವೃತ್ತರಾದ ಉಪಾಧ್ಯಾಯರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ, ಕರೆದರೆ ಬಾರದವರು ವಿರಳ. ಹೊಸಹಳ್ಳಿಯ ಗಮಕಿಗಳಿಂದ ಕಲಿತವರನ್ನು ಬಡಾವಣೆಗೊಬ್ಬರಂತೆ ಕರೆಸಿ ಮಕ್ಕಳಿಗೆ ವಾಚನವನ್ನು ಹೇಳಿಕೊಡಿಸುವುದು ಸಂಘಸಂಸ್ಥೆಗಳಿಗೆ ಭಾರವಾದ ಕೆಲಸವೇನೂ ಅಲ್ಲ. ‘ಸುಕುಮಾರಚರಿತೆ’ಯ ಆಯ್ದ ಭಾಗಗಳನ್ನು ಗದ್ಯಾನುವಾದದೊಡನೆ, ಶಾಲೆಯ ಮಕ್ಕಳ ಕೈಗೆ ಎಟುಕುವ ಬೆಲೆಯಲ್ಲಿ ಅಚ್ಚುಮಾಡಿಸಿದರೆ ೧೯೫೪ರ ಹಿರಿಯರ ಕೆಲಸ ಮುಂದುವರಿದಂತಾಗುವುದು.

ಬರುವ ಶ್ರಾವಣಮಾಸದಲ್ಲಿ ಹೀಗೆ ಓದಲು ಮನಸ್ಸುಳ್ಳ ಮನೆಯವರು ತಮ್ಮ ಬೀದಿಯ ನಾಲ್ಕು ಮನೆಗಳನ್ನು ಸೇರಿಸಿಕೊಂಡು ಆರಂಭಿಸಲಿ. ಯಾವ ಪುಸ್ತಕ, ಯಾವ ಭಾಗ, ಯಾವ ಕ್ರಮ ಎಂಬುದನ್ನು ಗೊತ್ತುಮಾಡುವುದಕ್ಕೆ ಈ ಲೇಖಕನಿಂದ ಆಗುವ ಸಹಾಯವೆಲ್ಲವೂ ಸಿದ್ಧವಾಗಿದೆ.